ಟ್ರೇಲರ್ ಎಳೆಯುವಾಗ ಪಿಕಪ್ ಹಿಂದೆ ಕೂರದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು ಮತ್ತು ನೀರಿನ ಟ್ಯಾಂಕು, ಪವರ್ ಟಿಲ್ಲರ್, ಜನರೇಟರ್. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟುವುದು ಹೆಚ್ಚಾಗಿ ಇಂಥವುಗಳಿಗೆ. ಕಟ್ಟಿದ ತಕ್ಷಣ ಗಾಡಿ ಹಿಂದೆ ಕೂರುತ್ತದೆ, ಮೂತಿ ಮೇಲೇಳುತ್ತದೆ. ನೋಡಿದವರೆಲ್ಲ ಹೇಳುವ ಪರಿಹಾರ ಒಂದೇ: "ಇನ್ನೊಂದು ಪಟ್ಟಿ ಹಾಕಿಸಿ." ಪಟ್ಟಿ ಎಂದರೆ ಗಾಡಿಯ ಭಾರ ಹೊರುವ ಹಿಂದಿನ ಕಮಾನಿನ (ಲೀಫ್ ಸ್ಪ್ರಿಂಗ್) ಒಂದು ಉಕ್ಕಿನ ಪಟ್ಟಿ. ಅದನ್ನು ಹಾಕಿಸಿದರೆ ಗಾಡಿ ಎದ್ದು ನಿಲ್ಲುತ್ತದೆ, ನಿಜ. ಆದರೆ ಮುಂದಿನ ಚಕ್ರಗಳಿಂದ ಹೋದ ಭಾರ ಅದರಿಂದ ವಾಪಸ್ ಬರುವುದಿಲ್ಲ. ಗಾಡಿ ಮಟ್ಟವಾಗಿ ಕಾಣುವುದು ಬೇರೆ, ಭಾರ ಸರಿಯಾಗಿ ಹಂಚಿಕೆಯಾಗುವುದು ಬೇರೆ. ಅದಕ್ಕಾಗಿಯೇ ಇಲ್ಲಿ ಲೋಡಿನ ವಿಷಯ ಮೊದಲು, ಕಮಾನಿನ ವಿಷಯ ಆಮೇಲೆ.

ಹಿಂದೆ ಸ್ವಲ್ಪ ಕೂತರೆ ತೊಂದರೆ ಏನು? ಎಂಜಿನ್ ಎಳೆಯುತ್ತದಲ್ಲ?

ಎಳೆಯುವುದು ಎಂಜಿನ್ನಿನ ಕೆಲಸ. ತಿರುಗಿಸುವುದು, ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದು. ಟ್ರೇಲರ್ ಹುಕ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅಲ್ಲಿ ಭಾರ ಬಿದ್ದರೆ ಹಿಂದಿನ ಆಕ್ಸಲ್ ಏತದ ಕಂಬದಂತೆ ನಡುವೆ ನಿಲ್ಲುತ್ತದೆ, ಮುಂಭಾಗ ಮೇಲೇಳುತ್ತದೆ.

ಲೆಕ್ಕ ಕಷ್ಟದ್ದಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಹುಕ್ಕಿನ ಗುಂಡಿಗೆ (ಟ್ರೇಲರ್ ಬಂದು ಕೂರುವ ದುಂಡನೆಯ ಬಾಲ್) 1.2 ಮೀಟರ್ ಇದೆ ಎನ್ನಿ. ಹುಕ್ಕಿನ ಮೇಲೆ 120 ಕೆ.ಜಿ. ಬಿದ್ದರೆ ಮುಂದಿನ ಆಕ್ಸಲ್ 48 ಕೆ.ಜಿ. ಕಳೆದುಕೊಳ್ಳುತ್ತದೆ (120 × 1.2 ÷ 3). ಹಿಂದಿನ ಆಕ್ಸಲ್ ಮೇಲೆ 120 ಅಲ್ಲ, 168 ಕೆ.ಜಿ. ಬೀಳುತ್ತದೆ. ಅದೇ ಹುಕ್ಕಿಗೆ 300 ಕೆ.ಜಿ. ಹೇರಿದರೆ ಮುಂದೆ 120 ಹೋಗುತ್ತದೆ, ಹಿಂದೆ 420 ಸೇರುತ್ತದೆ.

ಒಣ ರಸ್ತೆಯಲ್ಲಿ ಇದು ಗೊತ್ತಾಗದೆ ಇರಬಹುದು. ಜುಲೈ ತಿಂಗಳಲ್ಲಿ ಪಾಚಿಗಟ್ಟಿದ ಡಾಂಬರಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೆ ಹೋಗುವುದು ಇದೇ ಕಾರಣಕ್ಕೆ. ಜೊತೆಗೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಮುಂದಿನ ರಸ್ತೆ ಕತ್ತಲಾಗುತ್ತದೆ. ಮಂಜಿನಲ್ಲಂತೂ ಬೆಳಕೆಲ್ಲ ಮಂಜಿಗೇ ಬಡಿದು ವಾಪಸ್ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೆಡ್‌ಲೈಟ್ ಇಳಿಸುವ ಗುಂಡಿ ಇದ್ದರೆ ಬಳಸಿ, ಅದನ್ನು ಕೊಟ್ಟಿರುವುದೇ ಇಂಥ ಹೊತ್ತಿಗೆ.

ಎಷ್ಟು ಕೂತರೆ ಸಹಜ, ಎಷ್ಟಾದರೆ ಹೆಚ್ಚು?

ಪಿಕಪ್ಪನ್ನು ಕಟ್ಟುವುದೇ ಹಿಂದೆ ಎತ್ತರವಿಟ್ಟು. ಖಾಲಿ ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ಮೇಲಿರುವುದು ಭಾರ ಬಿದ್ದಾಗ ಸಮಕ್ಕೆ ಬರಲೆಂದು. ಹಾಗಾಗಿ ಟ್ರೇಲರ್ ಕಟ್ಟಿದಾಗ ಹಿಂದೆ 25ರಿಂದ 50 ಮಿ.ಮೀ. ಇಳಿದರೆ ಗಾಬರಿ ಬೇಡ. ಹೆಚ್ಚು ಗಮನ ಕೊಡಬೇಕಾದ್ದು ಮುಂದೆ ಎಷ್ಟು ಏರಿತು ಎಂಬುದಕ್ಕೆ. ಮುಂದಿನ ಮಡ್‌ಗಾರ್ಡ್ 10 ಮಿ.ಮೀ. ಒಳಗೆ ಏರಿದರೆ ಸರಿ. 25 ಮಿ.ಮೀ. ದಾಟಿದರೆ ಹೊರಡುವ ಮೊದಲು ಲೋಡ್ ತಿದ್ದಲೇಬೇಕು. ಕಮಾನು ಪೂರ್ತಿ ಕೂತಾಗ ತಡೆಯುವ ಹಿಂದಿನ ಬಂಪ್ ಸ್ಟಾಪರ್ ರಬ್ಬರ್ ಆಕ್ಸಲ್‌ಗೆ ತಾಗಿ ನಿಂತಿದ್ದರೆ ಅಳತೆಯೇ ಬೇಡ, ಭಾರ ಇಳಿಸಿ.

ಅಳೆಯುವುದು ಹೇಗೆ? ನಮ್ಮಲ್ಲಿ ಸಪಾಟು ಜಾಗವೇ ಇಲ್ಲ.

ನೆಲದಿಂದ ಅಳೆಯಬೇಡಿ. ಚಕ್ರದ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ಹೀಗೆ ಮಾಡಿದರೆ ಟೈರಿನ ಗಾಳಿ, ನೆಲದ ತಗ್ಗುದಿಣ್ಣೆ ಲೆಕ್ಕ ಕೆಡಿಸುವುದಿಲ್ಲ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದಕ್ಕೆ ಒಳ್ಳೆಯ ಜಾಗ. ಆದರೆ ಮಳೆನೀರು ಹರಿಯಲೆಂದು ಅದಕ್ಕೂ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಪ್ರತಿ ಸಲವೂ ಗಾಡಿಯನ್ನು ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ನಿಲ್ಲಿಸಿ.

ನಾಲ್ಕೂ ಚಕ್ರದ ಅಳತೆ ಬರೆದುಕೊಳ್ಳಿ: ಮೊದಲು ಖಾಲಿ ಗಾಡಿಯದು, ಆಮೇಲೆ ಟ್ರೇಲರ್ ಕಟ್ಟಿ ಎಲ್ಲ ಸಾಮಾನು ಹೇರಿದ ಮೇಲಿನದು. ಕಟ್ಟಿದ ಮೇಲೆ ಗಾಡಿಯನ್ನು ಹತ್ತಿಪ್ಪತ್ತು ಅಡಿ ಮುಂದೆ ಹಿಂದೆ ಓಡಿಸಿ ಅಳೆಯಿರಿ. ಕಮಾನ್ ಪಟ್ಟಿಗಳ ನಡುವೆ ತಿಕ್ಕಾಟ ಇರುವುದರಿಂದ ನಿಂತಲ್ಲೇ ಭಾರ ಹಾಕಿದರೆ ಅವು ಪೂರ್ತಿ ಇಳಿದಿರುವುದಿಲ್ಲ. ಖಾಲಿ ಗಾಡಿಯ ಅಳತೆಯನ್ನು ಬಾಗಿಲಿನ ಒಳಬದಿಯಲ್ಲಿ ಪೇಂಟಿನಲ್ಲಿ ಬರೆದಿಟ್ಟರೆ ಪ್ರತಿ ಸಲ ಹುಡುಕುವ ಕೆಲಸವಿಲ್ಲ.

ಮೂಕಿ ಭಾರ ಅಂದರೇನು? ಎಷ್ಟಿರಬೇಕು?

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲು ಹಿಂದಕ್ಕೆ ಹೇರಿದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೇರಿದರೆ ಮುಂಭಾರವಾಗಿ ನೊಗ ಹೆಗಲನ್ನು ಅಮುಕುತ್ತದೆ. ಟ್ರೇಲರ್ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಎಳೆಯುವ ತೊಲೆ, ಹುಕ್ಕಿನ ಗುಂಡಿಯ ಮೇಲೆ ಊರುವ ಭಾರವೂ ಇದೇ. ಇಲ್ಲಿ ಅದನ್ನು ಮೂಕಿ ಭಾರ ಎಂದೇ ಕರೆಯುತ್ತೇವೆ.

ಅಮೆರಿಕದ ರೂಢಿಯಲ್ಲಿ ಇದು ಸಾಮಾನು ಸೇರಿದ ಟ್ರೇಲರ್ ತೂಕದ 10ರಿಂದ 15 ಶೇಕಡಾ. ಯುರೋಪಿನಲ್ಲಿ ಇನ್ನೂ ಕಡಿಮೆ, ಸುಮಾರು 4ರಿಂದ 7 ಶೇಕಡಾ. ಅಲ್ಲಿನ ಹುಕ್ಕುಗಳು ಹೊರುವ ಭಾರವೂ ಕಡಿಮೆ, ಟ್ರೇಲರ್ ಎಳೆಯುವ ವೇಗದ ಮಿತಿಯೂ ಕಡಿಮೆ. ನಮ್ಮ ರಸ್ತೆಗೆ, ನಮ್ಮ ಪಿಕಪ್‌ಗಳಿಗೆ 8ರಿಂದ 10 ಶೇಕಡಾ ಇಟ್ಟುಕೊಳ್ಳುವುದು ಒಳ್ಳೆಯದು. ಒಟ್ಟು 1,000 ಕೆ.ಜಿ. ಟ್ರೇಲರ್‌ಗೆ 80ರಿಂದ 100 ಕೆ.ಜಿ. ಆಯಿತು. ಹುಕ್ಕಿನ ತಗಡಿನ ಮೇಲೆ ಮೇಲಿಂದ ಊರಬಹುದಾದ ಗರಿಷ್ಠ ಭಾರ ಬರೆದಿರುತ್ತದೆ. ಶೇಕಡಾ ಲೆಕ್ಕ ಏನೇ ಹೇಳಲಿ, ಆ ಅಂಕಿ ದಾಟುವಂತಿಲ್ಲ.

ಕೂರುವುದನ್ನು ತಪ್ಪಿಸಲು ಮೂಕಿ ಭಾರವನ್ನೇ 20–30 ಕೆ.ಜಿ.ಗೆ ಇಳಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಕಪ್ ಚೆಂದವಾಗಿ ಮಟ್ಟಕ್ಕೆ ನಿಲ್ಲುತ್ತದೆ, ಆದರೆ ವೇಗ ಏರಿದ ಮೇಲೆ ಟ್ರೇಲರ್ ಬಾಲ ಬೀಸಲು, ಅಂದರೆ ಎಡಬಲಕ್ಕೆ ತೂಗಾಡಲು, ಶುರುಮಾಡುತ್ತದೆ. ಹಿಂದೆ ಕೂತ ಗಾಡಿಗಿಂತ ಬಾಲ ಬೀಸುವ ಗಾಡಿ ಹೆಚ್ಚು ಅಪಾಯ.

ಮೂಕಿ ಭಾರ ತೂಗುವುದು ಎಲ್ಲಿ?

ಮನೆಯಲ್ಲೇ. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತೂಕದ ಯಂತ್ರ ಸಾಕು. 200–300 ಕೆ.ಜಿ. ತೂಗುವ ಯಂತ್ರವಾದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

1. ಟ್ರೇಲರ್‌ಗೆ ಎಲ್ಲ ಸಾಮಾನು ಹೇರಿ. ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ.
2. ಪ್ಲಾಟ್‌ಫಾರ್ಮಿನ ಮೇಲೆ ಹಲಗೆ, ಅದರ ಮೇಲೆ ಮರದ ದಿಮ್ಮಿ ಇಟ್ಟು ಯಂತ್ರವನ್ನು ಸೊನ್ನೆಗೆ ತನ್ನಿ.
3. ಮೂಕಿಯ ತುದಿಯ ಕಪ್ಪನ್ನು (ಗುಂಡಿಯ ಮೇಲೆ ಕೂರುವ ಬಟ್ಟಲು) ದಿಮ್ಮಿಯ ಮೇಲೆ ಇಳಿಸಿ. ಪಿಕಪ್ಪಿಗೆ ಕಟ್ಟಿದಾಗ ಅದು ಎಷ್ಟು ಎತ್ತರದಲ್ಲಿರುತ್ತದೋ ತೂಗುವಾಗಲೂ ಅಷ್ಟೇ ಎತ್ತರದಲ್ಲಿರಬೇಕು.
4. ಬಂದ ಅಂಕಿಯೇ ಮೂಕಿ ಭಾರ.

ಮನೆಯಲ್ಲಿ ಇರುವುದು ಮನುಷ್ಯರು ನಿಂತು ತೂಗುವ ಸಣ್ಣ ಯಂತ್ರ ಮಾತ್ರವೇ? ಆಗಲೂ ದಾರಿ ಇದೆ. ಗಟ್ಟಿ ಮರದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೆ ಊರಿ. ಇಟ್ಟಿಗೆಯಿಂದ 1 ಅಡಿ, ತೂಕದ ಯಂತ್ರದಿಂದ 2 ಅಡಿ ದೂರದಲ್ಲಿ ಮೂಕಿ ಕೂರಿಸಿ. ಯಂತ್ರ ತೋರಿಸಿದ ಅಂಕಿಯನ್ನು ಮೂರರಿಂದ ಗುಣಿಸಿ. ತೊಲೆಯ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಂಡಿರಬೇಕು.

ವೇಬ್ರಿಡ್ಜ್‌ನಲ್ಲಿ ತೂಗಿಸಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಟ್ರೇಲರ್ ಕಟ್ಟಿದಂತೆಯೇ ಮೊದಲು ಪಿಕಪ್ಪಿನ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪಿಕಪ್ಪಿನ ನಾಲ್ಕೂ ಚಕ್ರ ಹತ್ತಿಸಿ ಎರಡನೆಯದು, ಟ್ರೇಲರ್ ಸೇರಿಸಿ ಮೂರನೆಯದು. ಆಮೇಲೆ ಟ್ರೇಲರ್ ಬಿಚ್ಚಿ ಪಿಕಪ್ಪಿನದೇ ಎರಡು ತೂಕ: ಮುಂದಿನ ಚಕ್ರ, ನಾಲ್ಕೂ ಚಕ್ರ. ಕಟ್ಟಿದ ಮತ್ತು ಬಿಚ್ಚಿದ ಮುಂದಿನ ತೂಕಗಳ ವ್ಯತ್ಯಾಸವೇ ಮುಂದೆ ಕಳೆದುಹೋದ ಭಾರ. ವೇಬ್ರಿಡ್ಜ್ 5 ಅಥವಾ 10 ಕೆ.ಜಿ. ಹೆಜ್ಜೆಯಲ್ಲಿ ತೋರಿಸುತ್ತದೆ ಎಂಬುದು ನೆನಪಿರಲಿ. ಮೂಕಿ ಭಾರಕ್ಕೆ ಪ್ಲಾಟ್‌ಫಾರ್ಮ್ ಯಂತ್ರದ ಅಂಕಿಯೇ ಹೆಚ್ಚು ನಂಬಿಕಸ್ಥ.

ಮೂಕಿ ಭಾರ ಹೆಚ್ಚಾಗಿದೆ. ಸಾಮಾನನ್ನು ಎಷ್ಟು ಹಿಂದೆ ಸರಿಸಬೇಕು?

ಸರಿಸಿದ ಸಾಮಾನಿನ ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಟ್ರೇಲರ್ ಆಕ್ಸಲ್‌ನಿಂದ ಹುಕ್ಕಿಗಿರುವ ದೂರದಿಂದ ಭಾಗಿಸಿ. ಆ ದೂರ 2.5 ಮೀಟರ್ ಇದ್ದು, 65 ಕೆ.ಜಿ.ಯ ಎರಡು ಚೀಲವನ್ನು 1 ಮೀಟರ್ ಹಿಂದೆ ಸರಿಸಿದರೆ ಮೂಕಿ ಭಾರ 52 ಕೆ.ಜಿ. ಇಳಿಯುತ್ತದೆ. ಎರಡು ಚೀಲದ ಜಾಗ ಬದಲಿಸಿದರೆ ಆಗುವ ಕೆಲಸಕ್ಕೆ ದುಡ್ಡು ಕೊಟ್ಟು ಕಮಾನು ಬಿಚ್ಚಿಸುವುದು ಯಾಕೆ?

ಸುಲಿಯುವ ಯಂತ್ರದಂಥ ಒಂದೇ ಗಟ್ಟಿ ಸಾಮಾನಿದ್ದರೆ ಅದರ ಮೋಟಾರ್ ಅಥವಾ ಎಂಜಿನ್ ಯಾವ ತುದಿಯಲ್ಲಿದೆ ನೋಡಿ. ಭಾರದ ತುದಿ ಆಕ್ಸಲ್‌ಗಿಂತ ತುಸು ಮುಂದೆ ಬರುವಂತೆ ಇಡಬೇಕು. ಯಂತ್ರವನ್ನು ತಿರುಗಿಸಿ ಇಟ್ಟರೆ ಮೂಕಿ ಭಾರ ಪೂರ್ತಿ ಬದಲಾಗುತ್ತದೆ. ಒಮ್ಮೆ ಸರಿಯಾದ ಜಾಗ ಸಿಕ್ಕಿದ ಮೇಲೆ ತಳದಲ್ಲಿ ಆಂಗಲ್ ತುಂಡು ಬೆಸುಗೆ ಹಾಕಿಸಿ, ಮುಂದಿನ ಸಲ ಕತ್ತಲಲ್ಲಿ ಹೇರಿದರೂ ಅದೇ ಜಾಗದಲ್ಲಿ ಕೂರಲಿ.

ಪಿಕಪ್ಪಿನ ತೊಟ್ಟಿಯಲ್ಲೂ ಸಾಮಾನಿದ್ದರೆ ಅದನ್ನು ಕ್ಯಾಬಿನ್ನಿಗೆ ಒತ್ತಿ ಇಡಿ. 200 ಕೆ.ಜಿ. ಸಾಮಾನು ಹಿಂದಿನ ಆಕ್ಸಲ್‌ಗಿಂತ 60 ಸೆಂ.ಮೀ. ಮುಂದಿದ್ದರೆ ಮುಂದಿನ ಚಕ್ರಕ್ಕೆ 40 ಕೆ.ಜಿ. ಸಿಗುತ್ತದೆ. ಮೇಲೆ ಹೇಳಿದ 48 ಕೆ.ಜಿ. ನಷ್ಟ ಬಹುಪಾಲು ತುಂಬಿಬಂತು. ಉಳಿದ 160 ಕೆ.ಜಿ. ಹಿಂದಿನ ಆಕ್ಸಲ್‌ಗೆ ಸೇರುತ್ತದೆ. ಮೂಕಿ ಭಾರವನ್ನೂ ಗಾಡಿ ಹೊರುವ ಸಾಮಾನಿನ ಲೆಕ್ಕಕ್ಕೇ ಸೇರಿಸಬೇಕು, ಇದನ್ನು ಮರೆಯುವವರೇ ಹೆಚ್ಚು.

ಔಷಧಿ ಟ್ಯಾಂಕಿನ ಟ್ರೇಲರ್ ಒಮ್ಮೆ ಸರಿ ಇರುತ್ತದೆ, ಒಮ್ಮೆ ಕುಲುಕುತ್ತದೆ. ಯಾಕೆ?

ನೀರು ಅರ್ಧ ಇರುವಾಗ ಕುಲುಕುತ್ತದೆ. ಟ್ಯಾಂಕ್ ತುಂಬಿದ್ದರೆ ನೀರಿಗೆ ಸರಿಯಲು ಜಾಗವಿಲ್ಲ, ಖಾಲಿಯಾಗಿದ್ದರೆ ಸರಿಯಲು ನೀರೇ ಇಲ್ಲ. 500 ಲೀಟರ್ ಟ್ಯಾಂಕಿನಲ್ಲಿ 250 ಲೀಟರ್ ಉಳಿದಿದ್ದರೆ 250 ಕೆ.ಜಿ. ಭಾರ ಬ್ರೇಕ್ ಹಾಕಿದಾಗ ಮುಂದಕ್ಕೆ ಬಡಿಯುತ್ತದೆ, ಗೇರ್ ಬದಲಿಸಿ ಎಳೆದಾಗ ಹಿಂದಕ್ಕೆ ಬಡಿಯುತ್ತದೆ.

ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವವರಿಗೆ ಸರಳ ದಾರಿ ಒಂದಿದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ದ್ರಾವಣವನ್ನು ತೋಟದಲ್ಲೇ ಕಲಸುವುದು ಹೇಗೂ ರೂಢಿ. ನೀರನ್ನೂ ತೋಟದ ಹಳ್ಳ ಅಥವಾ ಬಾವಿಯಿಂದಲೇ ತುಂಬಿಸಿ, ರಸ್ತೆಯಲ್ಲಿ ಟ್ಯಾಂಕ್ ಖಾಲಿಯಾಗಿ ಹೋಗಲಿ. ನೀರು ಹೊತ್ತೇ ಹೋಗಬೇಕಾದರೆ ಒಂದು ದೊಡ್ಡ ಟ್ಯಾಂಕಿನ ಬದಲು 200 ಲೀಟರ್‌ನ ಡ್ರಮ್ಮುಗಳನ್ನು ಇಟ್ಟು ಒಂದೊಂದನ್ನೇ ಪೂರ್ತಿ ಖಾಲಿ ಮಾಡಿ. ಮೊದಲು ಖಾಲಿ ಮಾಡಬೇಕಾದ್ದು ಆಕ್ಸಲ್‌ನ ಹಿಂದಿನದು.

ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಕಮಾನಿನ ಮೇಲೆ, ಹುಕ್ಕಿನ ಬೋಲ್ಟುಗಳ ಮೇಲೆ ಚೆಲ್ಲಿದರೆ ಅಂದೇ ನೀರು ಹೊಡೆದು ತೊಳೆಯಿರಿ.

ಹುಕ್ಕಿನ ಎತ್ತರ ಎಷ್ಟಿರಬೇಕು?

ಟ್ರೇಲರ್ ಮಟ್ಟವಾಗಿ ನಿಲ್ಲುವಷ್ಟು. ಟ್ರೇಲರ್ ಚಾಸಿ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು, ಮೂಕಿಯನ್ನು ಮಟ್ಟಕ್ಕೆ ತಂದು, ಆಗ ಕಪ್ಪು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಭಾರ ಬಿದ್ದ ಮೇಲೆ ಪಿಕಪ್ಪಿನ ಗುಂಡಿ ಆ ಎತ್ತರಕ್ಕೆ ಬರಬೇಕು. ಖಾಲಿ ಗಾಡಿಯಲ್ಲಿ ಅಳೆದು ಹುಕ್ಕು ಕೂರಿಸಿದರೆ ಆಮೇಲೆ ಅದು ಇಳಿಯುತ್ತದೆ.

ಟ್ರೇಲರ್ ಮೂತಿ ಒಂದಿಷ್ಟು ಕೆಳಗಿದ್ದರೆ ನಡೆಯುತ್ತದೆ, ಮೇಲಿರಬಾರದು. ಮೇಲಿದ್ದರೆ ಭಾರ ಹಿಂದಕ್ಕೆ ವಾಲಿ ಮೂಕಿ ಭಾರ ಇಳಿಯುತ್ತದೆ. ಎರಡು ಆಕ್ಸಲ್ ಟ್ರೇಲರ್ ಆದರೆ ಒಂದು ಆಕ್ಸಲ್‌ಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಭಾರ ಬಿದ್ದು ಟೈರ್ ಬೇಗ ಸವೆಯುತ್ತದೆ. ಎತ್ತರ ಬದಲಿಸಲು ಮೇಲೆ ಕೆಳಗೆ ತೂತುಗಳಿರುವ, ಬೋಲ್ಟ್ ಹಾಕುವ ಹುಕ್ಕು ಕೊಳ್ಳಿ. ಇರುವ ಹುಕ್ಕನ್ನು ಕಾಯಿಸಿ ಬಗ್ಗಿಸುವುದಾಗಲಿ, ಬಂಪರಿಗೆ ಬೆಸುಗೆ ಹಾಕುವುದಾಗಲಿ ಬೇಡವೇ ಬೇಡ. ಹುಕ್ಕು ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟಿನಿಂದ ಕೂತಿರಬೇಕು.

ಕಮಾನಿಗೆ ಒಂದು ಪಟ್ಟಿ ಸೇರಿಸಿದರೆ ಸಾಕಲ್ಲವೇ?

ಲೋಡ್ ಸರಿಮಾಡಿದ ಮೇಲೂ ಹಿಂದೆ ಹೆಚ್ಚು ಕೂರುತ್ತಿದ್ದರೆ, ವರ್ಷದ ಬಹುಪಾಲು ಗಾಡಿ ಭಾರದಲ್ಲೇ ಓಡುವುದಾದರೆ, ಪಟ್ಟಿ ಸೇರಿಸುವುದು ಸರಿಯಾದ ಕೆಲಸ. ಖಾಲಿ ಓಡುವುದೇ ಹೆಚ್ಚಾದರೆ ಬೇಡ. ಬಿಗಿಯಾದ ಕಮಾನಿನ ಖಾಲಿ ಗಾಡಿಯ ಹಿಂದಿನ ಚಕ್ರ ಗುಂಡಿ ಬಿದ್ದ ರಸ್ತೆಯಲ್ಲಿ ನೆಲ ಬಿಟ್ಟು ಹಾರುತ್ತದೆ. ಹಾರಿದ ಚಕ್ರ ಬ್ರೇಕ್ ಹಿಡಿಯುವುದಿಲ್ಲ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ ನಿಮ್ಮೂರಿನ ಕಮಾನಿನ ಶೆಡ್ಡಿಗೋ ಹೋಗುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿ.ಮೀ. ಪಟ್ಟಿಯ ಜಾಗದಲ್ಲಿ 8 ಮಿ.ಮೀ. ಹಾಕಿದರೆ ಆ ಪಟ್ಟಿ ಸುಮಾರು ಒಂದೂವರೆ ಪಟ್ಟು ಬಿಗಿ. "ಒಂದು ಮಿಲಿ ದಪ್ಪ ಅಷ್ಟೇ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಸಮ ದಪ್ಪದ ಐದು ಪಟ್ಟಿಯ ಕಟ್ಟಿಗೆ ಅದೇ ದಪ್ಪದ ಆರನೆಯದು ಸೇರಿದರೆ ಬಿಗಿ ಹೆಚ್ಚುವುದು ಸುಮಾರು 20 ಶೇಕಡಾ.

ಕೆಲಸ ಮಾಡಿಸುವಾಗ ಎರಡೂ ಪಕ್ಕ ಒಂದೇ ಬಗೆಯ ಪಟ್ಟಿ ಹಾಕಿಸಿ. ಪಟ್ಟಿಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ಮತ್ತು ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸವೇ ಇರಲಿ, ಪಟ್ಟಿ ಸೇರಿದ ದಪ್ಪಕ್ಕೆ ಹಳೆಯ ಯು ಬೋಲ್ಟಿನ ಮರೆ (ಥ್ರೆಡ್) ಸಾಲದು. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಯು ಬೋಲ್ಟಿನ ಕೊನೆಯ ಬಿಗಿ ಕೊಡಿಸಿ, ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಿಸಿ. ಇದನ್ನು ಬಿಟ್ಟವರ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಓರೆಯಾಗುತ್ತದೆ.

ಕೂತ ಹಳೆಯ ಪಟ್ಟಿಯನ್ನು ಬಡಿದು ಮತ್ತೆ ಬಾಗು ಕೊಡುವುದು ಅಗ್ಗ. ಆದರೆ ತಣ್ಣಗೆ ಬಡಿದದ್ದು ಬೇಗ ಕೂರುತ್ತದೆ. ಕಾಯಿಸಿ ಬಡಿದು ಮತ್ತೆ ಹದ ಹಾಕದೆ ಬಿಟ್ಟರೆ ಉಕ್ಕು ಮೆತ್ತಗಾಗಿರುತ್ತದೆ. ಹದ ಹಾಕುವ ಕುಲುಮೆ ಇಲ್ಲದ ಶೆಡ್ಡಿನಲ್ಲಿ ಈ ಕೆಲಸ ಬೇಡ.

ಏರ್ ಬ್ಯಾಗ್ ಹಾಕಿಸಿದರೆ?

ಬೇಕಾದಾಗ ಎತ್ತಬಹುದು, ಬೇಡವಾದಾಗ ಇಳಿಸಬಹುದು. ಖಾಲಿ ಓಡಾಟ ಹೆಚ್ಚು, ಟ್ರೇಲರ್ ಆಗಾಗ ಎನ್ನುವವರಿಗೆ ಕಮಾನ್ ಪಟ್ಟಿಗಿಂತ ಇದೇ ಒಳ್ಳೆಯದು. ಚಾಸಿ ಮತ್ತು ಆಕ್ಸಲ್ ನಡುವೆ ಎರಡು ರಬ್ಬರ್ ಚೀಲ, ಎರಡಕ್ಕೂ ಬೇರೆ ಬೇರೆ ಗಾಳಿ ಪೈಪು. ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ ತಿರುವಿನಲ್ಲಿ ಹೊರಗಿನ ಚೀಲದ ಗಾಳಿ ಒಳಗಿನದಕ್ಕೆ ಹೋಗಿ ಗಾಡಿ ಇನ್ನಷ್ಟು ವಾಲುತ್ತದೆ. ಘಾಟಿಯ ತಿರುವುಗಳಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಗಾಳಿ ತುಂಬುವಾಗ ಟೇಪು ಕೈಯಲ್ಲಿರಲಿ. ಉದಾಹರಣೆಗೆ ಖಾಲಿ ಗಾಡಿಯ ಮುಂದಿನ ಅಳತೆ 480 ಮಿ.ಮೀ., ಹಿಂದಿನದು 530 ಇತ್ತು ಎನ್ನಿ. ಟ್ರೇಲರ್ ಕಟ್ಟಿದಾಗ ಮುಂದೆ 492, ಹಿಂದೆ 470 ಆಯಿತು. 5 ಪಿ.ಎಸ್.ಐ. ಹೆಜ್ಜೆಯಲ್ಲಿ ಎರಡೂ ಚೀಲಕ್ಕೆ ಗಾಳಿ ಕೊಡುತ್ತ ಹೋದರೆ ಹಿಂದಿನದು 480, 490, 505 ಎಂದು ಏರುತ್ತದೆ. ಈಗ ಮುಂದಕ್ಕೆ ಹೋಗಿ ಟೇಪು ಹಿಡಿಯಿರಿ: ಅಲ್ಲಿ ಇನ್ನೂ 492. ಹಿಂದೆ ಎಷ್ಟೇ ಎತ್ತಿದರೂ ಮುಂದಿನ ಕಮಾನಿನ ಮೇಲಿನ ಭಾರ ಬದಲಾಗಿಲ್ಲ, ಹಾಗಾಗಿ ಅದರ ಎತ್ತರವೂ ಬದಲಾಗಿಲ್ಲ. ಹೆಡ್‌ಲೈಟ್ ಸರಿಯಾಯಿತು, ಬಂಪ್ ಸ್ಟಾಪರ್ ಬಿಡುಗಡೆಯಾಯಿತು, ಟ್ರೇಲರ್ ಮಟ್ಟಕ್ಕೆ ಬಂತು. ಸ್ಟೀರಿಂಗ್ ಮಾತ್ರ ಮೊದಲಿನಷ್ಟೇ ಹಗುರ.

ಖಾಲಿ ಇದ್ದಾಗಿನ ಪೂರ್ತಿ ಎತ್ತರಕ್ಕೆ ಎತ್ತಬೇಡಿ, ಗಾಡಿ ಸಮಕ್ಕೆ ಬಂದರೆ ಸಾಕು. ಚೀಲದ ತಯಾರಕರು ಬರೆದ ಗರಿಷ್ಠ ಒತ್ತಡ ದಾಟುವಂತಿಲ್ಲ, ಕನಿಷ್ಠಕ್ಕಿಂತ ಇಳಿಯುವಂತೆಯೂ ಇಲ್ಲ. ಸಾಮಾನ್ಯವಾಗಿ ಕನಿಷ್ಠ 5ರಿಂದ 10 ಪಿ.ಎಸ್.ಐ. ಗಾಳಿ ಇಲ್ಲದ ಚೀಲ ಮಡಚಿಕೊಂಡು ಹರಿಯುತ್ತದೆ. ಸೈಲೆನ್ಸರ್ ಪೈಪಿನಿಂದ ಚೀಲ, ಗಾಳಿ ಪೈಪು ಎರಡೂ 6 ಇಂಚು ದೂರ ಇರಲಿ. ಮಳೆಗಾಲದಲ್ಲಿ ಕೆಮ್ಮಣ್ಣು, ಜಂಬಿಟ್ಟಿಗೆಯ ಚೂರು ಚೀಲದ ಮಡಿಕೆಯಲ್ಲಿ ಕೂತು ರಬ್ಬರ್ ಕೊರೆಯುತ್ತವೆ. ಗಾಡಿ ತೊಳೆಯುವಾಗ ಅಲ್ಲಿಗೂ ನೀರು ಹೊಡೆಯಿರಿ.

ಹಿಂದೆ ಎತ್ತಿಸಿದ ಮೇಲೆ ಬ್ರೇಕ್ ಮೊದಲಿನಂತಿಲ್ಲ. ಸಂಬಂಧ ಇದೆಯೇ?

ಇದೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರ ನೋಡಿ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಎಲ್.ಎಸ್.ಪಿ.ವಿ. ಎನ್ನುತ್ತಾರೆ. ಚಾಸಿಯ ಮೇಲೆ ವಾಲ್ವ್, ಅದರಿಂದ ಆಕ್ಸಲ್‌ಗೆ ಒಂದು ಸರಳು. ಗಾಡಿ ಕೂತರೆ ಭಾರ ಇದೆ ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಎದ್ದು ನಿಂತಿದ್ದರೆ ಖಾಲಿ ಎಂದುಕೊಂಡು ಕಡಿಮೆ ಮಾಡುತ್ತದೆ. ನೀವು ಪಟ್ಟಿ ಹಾಕಿಸಿ ಅಥವಾ ಚೀಲಕ್ಕೆ ಗಾಳಿ ತುಂಬಿ ಎತ್ತಿದರೆ, ಹಿಂದೆ ಟನ್ನು ಭಾರ ಇದ್ದರೂ ಅದು ಖಾಲಿ ಗಾಡಿಯ ಲೆಕ್ಕದಲ್ಲೇ ಬ್ರೇಕ್ ಕೊಡುತ್ತದೆ.

ಕಮಾನಿನ ಕೆಲಸ ಮಾಡಿಸಿದ ದಿನವೇ ಕಂಪನಿ ಕೈಪಿಡಿಯ ಅಳತೆಯಂತೆ ಈ ವಾಲ್ವನ್ನು ಮತ್ತೆ ಹೊಂದಿಸಿಕೊಡುವಂತೆ ಕೇಳಿ. ಏರ್ ಬ್ಯಾಗ್‌ನಲ್ಲಿ ಎತ್ತರ ಸಲಸಲಕ್ಕೂ ಬದಲಾಗುವುದರಿಂದ ಹೀಗೆ ಒಮ್ಮೆ ಹೊಂದಿಸಿ ಮುಗಿಸಲು ಆಗುವುದಿಲ್ಲ. ಸಮಕ್ಕಿಂತ ಮೇಲೆ ಎತ್ತಬೇಡಿ ಎಂದದ್ದು ಇದಕ್ಕೂ ಸೇರಿಯೇ.

ಮುಂದಿನ ಚಕ್ರಕ್ಕೆ ಭಾರ ವಾಪಸ್ ಕೊಡುವ ಹುಕ್ಕು ಇದೆಯಂತಲ್ಲ?

ಇದೆ. ಅಮೆರಿಕದಲ್ಲಿ ತುಂಬ ಬಳಕೆ. ಹುಕ್ಕಿನಿಂದ ಟ್ರೇಲರ್ ಮೂಕಿಯ ಎರಡೂ ಪಕ್ಕಕ್ಕೆ ಎರಡು ಸ್ಪ್ರಿಂಗ್ ಸರಳು ಬಿಗಿದು, ಪಿಕಪ್ಪಿನ ಹಿಂಭಾಗವನ್ನು ಮೀಟಿ ಎತ್ತುತ್ತದೆ. ಹಿಂದಿನ ಆಕ್ಸಲ್‌ನ ಭಾರದಲ್ಲಿ ಒಂದಿಷ್ಟು ಮುಂದಕ್ಕೂ ಒಂದಿಷ್ಟು ಟ್ರೇಲರ್ ಆಕ್ಸಲ್‌ಗೂ ಹೋಗುತ್ತದೆ. ಮುಂದಿನ ಮಡ್‌ಗಾರ್ಡ್ ಏರಿದ್ದರಲ್ಲಿ ಕನಿಷ್ಠ ಅರ್ಧ ಇಳಿಯುವಷ್ಟು ಬಿಗಿಯುವುದು ವಾಡಿಕೆ.

ನಮ್ಮಲ್ಲಿ ಅಪರೂಪ. ಹುಕ್ಕು, ಚಾಸಿ ಎರಡೂ ಆ ಮೀಟುವ ಬಲ ತಡೆಯುವಂಥವಿರಬೇಕು. ಒತ್ತಿದಾಗ ಮೂಕಿ ಒಳಸರಿದು ತಾನಾಗಿ ಹಿಡಿಯುವ ಬ್ರೇಕ್ ಇರುವ ಟ್ರೇಲರ್‌ಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ರಸ್ತೆಯಿಂದ ತೋಟದ ಗೇಟಿಗೆ ಕಡಿದಾಗಿ ಇಳಿಯುವಾಗ ಸರಳುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಒಂದು ಟನ್ನಿನ ಟ್ರೇಲರ್‌ಗೆ ಇಷ್ಟೆಲ್ಲ ಬೇಕಿಲ್ಲ, ತೊಟ್ಟಿಯ ಸಾಮಾನನ್ನು ಕ್ಯಾಬಿನ್ನಿಗೆ ಒತ್ತಿಟ್ಟರೆ ಆಗುತ್ತದೆ.

ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎದ್ದು ನಿಲ್ಲುತ್ತದೆಯೇ?

ಇಲ್ಲ. ಮಾಮೂಲಿ ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತದೆ. ಎಣ್ಣೆ ಸೋರಿದ್ದರೆ ಬದಲಿಸಿ, ಆದರೆ ಎತ್ತರಕ್ಕಾಗಿ ಅಲ್ಲ.

ಟೈರಿನ ಗಾಳಿ?

ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ತಿ ಲೋಡಿಗೆ ಹಿಂದಿನ ಟೈರಿಗೆ ಎಷ್ಟು ಎಂದಿದೆಯೋ ಅಷ್ಟು, ಟೈರ್ ತಣ್ಣಗಿರುವಾಗ. ಟ್ರೇಲರ್‌ನ ಎರಡೂ ಟೈರಿಗೆ ಸಮ ಗಾಳಿ ಇರಲಿ.

ಹಿಂದೆ ಕೂರುವುದಷ್ಟೇ ಅಲ್ಲ, ಒಂದೇ ಪಕ್ಕಕ್ಕೆ ವಾಲುತ್ತದೆ.

ಟ್ರೇಲರ್ ಬಿಚ್ಚಿ, ತೊಟ್ಟಿ ಖಾಲಿ ಮಾಡಿ ಎಡಬಲ ಅಳೆಯಿರಿ. ಆಗಲೂ 10–15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಮಾನಿನಲ್ಲೇ ದೋಷ: ಪಟ್ಟಿ ಮುರಿದಿರಬಹುದು, ಬುಷ್ ಹೋಗಿರಬಹುದು, ಶಾಕಲ್ ತುಕ್ಕಿಗೆ ಹಿಡಿದುಕೊಂಡಿರಬಹುದು. ಮುರಿದ ಪಟ್ಟಿ ಸೆಂಟರ್ ಬೋಲ್ಟಿನ ಬಳಿ ಕೂದಲೆಳೆಯಂಥ ಗೆರೆಯಾಗಿ ಕಾಣುತ್ತದೆ, ಆ ಗೆರೆಯಿಂದ ಕೆಂಪು ತುಕ್ಕಿನ ನೀರು ಇಳಿದಿರುತ್ತದೆ. ಕೆಸರು ತೊಳೆಯದೆ ಹುಡುಕಿದರೆ ಸಿಗುವುದಿಲ್ಲ. ಬಿಚ್ಚಿದಾಗ ಸಮ ಇದ್ದರೆ ತಪ್ಪು ಲೋಡಿನದು. ಒಂದು ಪಕ್ಕದ ಚೀಲಕ್ಕೆ ಹೆಚ್ಚು ಗಾಳಿ ತುಂಬಿ ಮುಚ್ಚಿಹಾಕುವ ಬದಲು ಸಾಮಾನನ್ನು ನಡುವಿಗೆ ತನ್ನಿ.

ಸಪಾಟಿನಲ್ಲಿ ಸರಿ ಇರುವುದು ಘಾಟಿಯಲ್ಲಿ ಯಾಕೆ ಬದಲಾಗುತ್ತದೆ?

ಟ್ರೇಲರ್ ಸಾಮಾನಿನ ಭಾರದ ನಡು ಹುಕ್ಕಿಗಿಂತ ಮೇಲಿರುತ್ತದೆ. ಅದು 50 ಸೆಂ.ಮೀ. ಮೇಲಿದ್ದು, ಟ್ರೇಲರ್ 1,000 ಕೆ.ಜಿ. ಇದ್ದು, ಏರು ಹತ್ತಕ್ಕೆ ಒಂದರಷ್ಟಿದ್ದರೆ, ಹತ್ತುವಾಗ ಮೂಕಿ ಭಾರ ಸುಮಾರು 20 ಕೆ.ಜಿ. ಇಳಿಯುತ್ತದೆ, ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಇಳಿಯುವಾಗ ಅಷ್ಟೇ ಏರುತ್ತದೆ. ಇಳಿಜಾರಿನಲ್ಲಿ ಪಿಕಪ್ ಬ್ರೇಕ್ ಒತ್ತಿದರೆ ಇದಕ್ಕೆ ಇನ್ನೂ 50–60 ಕೆ.ಜಿ. ಸುಲಭವಾಗಿ ಸೇರುತ್ತದೆ. ಹಿಂದಿನಿಂದ ಟ್ರೇಲರ್ ನೂಕುತ್ತಿರುತ್ತದೆ, ಮೂಕಿ ಹುಕ್ಕನ್ನು ಅಮುಕುತ್ತಿರುತ್ತದೆ, ಎದುರಿಗೆ ತಿರುವು. ಭಾರದ ಸಾಮಾನನ್ನು ತಳದಲ್ಲಿ, ಹಗುರದ್ದನ್ನು ಮೇಲೆ ಇಡಿ ಎನ್ನುವುದು ಇದಕ್ಕಾಗಿ.

ಯುರೋಪಿನಲ್ಲಿ 750 ಕೆ.ಜಿ. ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ನಮ್ಮ ಘಾಟಿಗಳಿಗೆ ಆ ಮಿತಿಯೂ ಹೆಚ್ಚೇ ಆಯಿತು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಟ್ರೇಲರ್ ಚಕ್ರ ಪಿಕಪ್ಪಿನ ಜಾಡಿಗಿಂತ ಒಳಗೆ ಸುತ್ತುತ್ತದೆ, ತಿರುವಿಗೆ ಅಗಲವಾಗಿ ಹೋಗಬೇಕು. ಯಾವ ಗೇರಿನಲ್ಲಿ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಸಿ. ಮಳೆಗಾಲದಲ್ಲಿ ಘಾಟಿಗಳಿಗೆ ವಾಹನ ನಿರ್ಬಂಧ ಬರುವುದುಂಟು, ಹೊರಡುವ ದಿನದ ಜಿಲ್ಲಾಡಳಿತದ ಆದೇಶ ನೋಡಿಕೊಳ್ಳಿ.

ಟ್ರೇಲರ್ ಬಾಲ ಬೀಸಲು ಶುರುಮಾಡಿದರೆ ಏನು ಮಾಡಬೇಕು?

ಆಕ್ಸಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿದುಕೊಳ್ಳಿ, ತಾನಾಗಿ ವೇಗ ಇಳಿಯಲಿ. ಎಡಕ್ಕೆ ಬೀಸಿದಾಗ ಬಲಕ್ಕೆ, ಬಲಕ್ಕೆ ಬೀಸಿದಾಗ ಎಡಕ್ಕೆ ಸ್ಟೀರಿಂಗ್ ತಿರುಗಿಸಿದರೆ ಬೀಸು ಹೆಚ್ಚುತ್ತದೆ. ಗಟ್ಟಿ ಬ್ರೇಕ್ ಬೇಡ, ವೇಗ ಏರಿಸಿ ಎಳೆದುಕೊಳ್ಳುವ ಪ್ರಯತ್ನವೂ ಬೇಡ. ನಿಂತ ಮೇಲೆ ಸಾಮಾನು ಹಿಂದಕ್ಕೆ ಜಾರಿದೆಯೇ ನೋಡಿ. ಸರಿಮಾಡದೆ ಮುಂದೆ ಹೊರಡಬೇಡಿ.

ಟ್ರೇಲರ್‌ಗೂ ರಿಜಿಸ್ಟ್ರೇಷನ್ ಬೇಕೇ?

ಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಎಂಬುದರ ಅರ್ಥದೊಳಗೆ ಟ್ರೇಲರ್ ಕೂಡ ಸೇರಿದೆ. ಮಿತಿ ಮೀರಿದ ಭಾರಕ್ಕೆ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ದಂಡ. ಹುಕ್ಕು ಹಾಕಿಸುವ ಮೊದಲೇ ಆರ್.ಟಿ.ಒ. ಕಚೇರಿಯಲ್ಲಿ ಕೇಳಿಕೊಳ್ಳಿ, ಶಿವಮೊಗ್ಗದವರು ಅಲ್ಲಿ, ಸಾಗರದ ಕಡೆಯವರು ಸಾಗರದಲ್ಲಿ.

ಟ್ರೇಲರ್ ಬಿಚ್ಚುವಾಗ ಏನೇನು ಮರೆಯಬಾರದು?

ಮೊದಲು ಟ್ರೇಲರ್ ಚಕ್ರಕ್ಕೆ ಕಲ್ಲು, ಆಮೇಲೆ ಮೂಕಿಯ ಜಾಕ್ ಇಳಿಸಿ ಭಾರ ತೆಗೆದುಕೊಳ್ಳುವುದು, ಆಮೇಲೆ ಲೈಟಿನ ಪ್ಲಗ್, ಲಾಕ್. ಸರಪಳಿ ಕೊನೆಗೆ. ಏರ್ ಬ್ಯಾಗ್‌ನಲ್ಲಿ ಗಾಳಿ ತುಂಬಿದ್ದರೆ ಮೂಕಿ ಬಿಟ್ಟ ತಕ್ಷಣ ಪಿಕಪ್ಪಿನ ಹಿಂಭಾಗ ಚಂಗನೆ ಮೇಲೇಳುತ್ತದೆ. ಗುಂಡಿ ಮತ್ತು ಕಪ್ಪಿನ ನಡುವೆ ಕೈ ಇಡಬೇಡಿ. ಬಿಚ್ಚಿದ ಮೇಲೆ ಚೀಲದ ಗಾಳಿಯನ್ನು ಕನಿಷ್ಠಕ್ಕೆ ಇಳಿಸಿ, ಹೆಡ್‌ಲೈಟ್ ಗುಂಡಿಯನ್ನು ಸೊನ್ನೆಗೆ ತನ್ನಿ, ಹಿಂದಿನ ಟೈರಿನ ಗಾಳಿಯನ್ನು ಖಾಲಿ ಗಾಡಿಯ ಅಳತೆಗೆ ತನ್ನಿ. ಗುಂಡಿಗೆ ಗ್ರೀಸ್ ಸವರಿ ಮುಚ್ಚಳ ಹಾಕಿ, ಮಳೆಗಾಲದಲ್ಲಿ ತೆರೆದಿಟ್ಟರೆ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದೆ.